ದಂಡಿನ ಮೈದಾನದ ಹುಡುಗರು

1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಫುಟ್‌ಬಾಲ್ ಪಂದ್ಯಾವಳಿಯ ಫೈನಲ್‌ನಲ್ಲಿ ಎದುರುಬದುರಾದ ಎರಡು ತಂಡಗಳಲ್ಲಿ ಒಂದು ಕಲ್ಕತ್ತದ ಮಹಮ್ಮಡನ್ ಸ್ಪೋರ್ಟಿಂಗ್. ಇನ್ನೊಂದು ನಮ್ಮ ಬೆಂಗಳೂರಿನದು. ಅದರ ಹೆಸರು ಬೆಂಗಳೂರು ಮುಸ್ಲಿಮ್ಸ್. 1891ರಲ್ಲಿ ಶುರುವಾಗಿದ್ದ ಆ ಪಂದ್ಯಾವಳಿಯ ಕಪ್ಪನ್ನು ಅಲ್ಲಿಯವರೆಗೆ ಬಿಳಿಯರ ತಂಡಗಳೇ, ಅದರಲ್ಲೂ ಸೇನೆಯ ರೆಜಿಮೆಂಟುಗಳೇ ಹೊತ್ತೊಯ್ಯುತ್ತಿದ್ದವು. ಆ ವರ್ಷ ಒಂದು ಗೋಲಿನಿಂದ ಗೆದ್ದ ಬೆಂಗಳೂರಿನ ಹುಡುಗರು ರೋವರ್ಸ್ ಕಪ್ ಎತ್ತಿದ ಮೊದಲ ಭಾರತೀಯ ತಂಡವೆನಿಸಿದರು. ಮರುವರ್ಷ ಮತ್ತೆ ಗೆದ್ದರು. 1948ರಲ್ಲಿ ಮೂರನೆಯ ಸಲವೂ ಗೆದ್ದರು.

ಇದು ಕರ್ನಾಟಕದ ಕ್ರೀಡಾ ಚರಿತ್ರೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಇರಬೇಕಾದ ಸಂಗತಿ. ಆದರೆ ಎಷ್ಟು ಮಂದಿಗೆ ಗೊತ್ತಿದೆ? 1911ರಲ್ಲಿ ಮೋಹನ್ ಬಗಾನ್ ತಂಡ ಬರಿಗಾಲಲ್ಲಿ ಆಡಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿದ ಕತೆ ದೇಶಕ್ಕೆಲ್ಲ ಗೊತ್ತು, ಸ್ವಾತಂತ್ರ್ಯ ಚಳವಳಿಯ ಭಾಗವಾಗಿಯೇ ಅದನ್ನು ಹೇಳಲಾಗುತ್ತದೆ. ಬೆಂಗಳೂರು ಮುಸ್ಲಿಮ್ಸ್ ಎಂಬ ಹೆಸರು ಮಾತ್ರ ನಮ್ಮೂರಿನಲ್ಲೇ ಮರೆತುಹೋಗಿದೆ. ಮರೆವಿಗೆ ಹಲವು ಕಾರಣಗಳಿರಬಹುದು, ಕನ್ನಡದ ಓದುವ ವರ್ಗ ಕ್ರಿಕೆಟ್ಟಿಗೆ ಒಲಿದದ್ದೂ ಒಂದು. ಆದರೆ ಆ ಹೆಸರೇ ಒಂದು ಕಾರಣವಲ್ಲವೇ ಎಂದು ನನಗೆ ಅನ್ನಿಸುತ್ತದೆ. ಇವತ್ತು ಆ ಎರಡು ಪದಗಳನ್ನು ಒಟ್ಟಿಗೆ ಕೇಳಿದರೆ ಕೆಲವರಿಗೆ ಕಸಿವಿಸಿಯಾಗುತ್ತದೆ, ಕೆಲವರಿಗೆ ಸಿಟ್ಟು ಬರುತ್ತದೆ. ನಮ್ಮವರಿಗೆ ಮೊದಲು ಹೆಮ್ಮೆ, ಆಮೇಲೆ ಒಂದು ಅಳುಕು. ಆಟಕ್ಕೆ ಧರ್ಮದ ಹೆಸರೇಕೆ? ಜನರನ್ನು ಕೂಡಿಸಬೇಕಾದ ಮೈದಾನದಲ್ಲಿ ಇದೇನು ಬೇರೆ ಪಂಕ್ತಿ?

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ನಾವು ಎಣಿಸಿದಷ್ಟು ಸಲೀಸಲ್ಲ.

1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದ ಮಲೇರಿಯಾದಿಂದ ಬಿಡಿಸಿ ಬೆಂಗಳೂರಿಗೆ ತಂದು, ಹಲಸೂರಿನ ಆಸುಪಾಸಿನಲ್ಲಿ ನೆಲೆಗೊಳಿಸಿದರು. ಅಂದಿನಿಂದ ಬೆಂಗಳೂರು ಎಂದರೆ ಎರಡು ಊರು. ಒಂದು ಹಳೆಯ ಪೇಟೆ, ಇನ್ನೊಂದು ದಂಡು. ದಂಡಿನಲ್ಲಿ ಸಿಪಾಯಿಗಳಷ್ಟೇ ಇರಲಿಲ್ಲ. ಅವರಿಗೆ ಅಡುಗೆ ಮಾಡುವವರು, ಬಟ್ಟೆ ಒಗೆಯುವವರು, ಕುದುರೆ ನೋಡುವವರು, ಮಾಂಸ ಒದಗಿಸುವವರು, ಬೂಟು ಹೊಲಿಯುವವರು, ಬಂಗಲೆಗಳಲ್ಲಿ ಬಟ್ಲರುಗಳು, ಆಯಾಗಳು ಎಲ್ಲರೂ ಅಲ್ಲಿಗೆ ಬಂದು ಸೇರಿದರು. ತಮಿಳು ಮಾತಾಡುವ ದಲಿತರು, ದಖನಿ ಮಾತಾಡುವ ಮುಸ್ಲಿಮರು, ತೆಲುಗರು, ಆಂಗ್ಲೋ ಇಂಡಿಯನ್ನರು. 1898ರ ಪ್ಲೇಗಿನ ನಂತರ ಫ್ರೇಜರ್ ಟೌನಿನಂಥ ಹೊಸ ಬಡಾವಣೆಗಳು ಹುಟ್ಟಿದವು. ಆಮೇಲೆ ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳು ಕೂಲಿಕಾರರ ಚಿಕ್ಕ ಚಿಕ್ಕ ಮನೆಗಳಿಂದ ತುಂಬಿದವು. ಪೇಟೆಯ ಸಂಪ್ರದಾಯಸ್ಥರ ಕಣ್ಣಿಗೆ ದಂಡು ಎಂದರೆ ಮಡಿಮೈಲಿಗೆ ಇಲ್ಲದ, ಮಾತಿಗೂ ಊಟಕ್ಕೂ ಗೊತ್ತುಗುರಿಯಿಲ್ಲದ ಸೀಮೆ. ಫುಟ್‌ಬಾಲ್ ಬೆಳೆದದ್ದು ಆ ಸೀಮೆಯಲ್ಲೇ.

ರೆಜಿಮೆಂಟುಗಳ ಗೋರಾ ಸೋಲ್ಜರುಗಳು ಸಂಜೆ ಮೈದಾನಕ್ಕಿಳಿದು ಆಡುವಾಗ ಗೆರೆಯಾಚೆ ನಿಂತು ನೋಡುತ್ತಿದ್ದವರು ಈ ಮನೆಗಳ ಹುಡುಗರು. ಕ್ರಿಕೆಟ್ಟಿಗೆ ಬ್ಯಾಟು, ಪ್ಯಾಡು, ಬಿಳಿ ಪೋಷಾಕು, ಮೂರು ದಿನಗಳ ಬಿಡುವು ಎಲ್ಲವೂ ಬೇಕು. ಫುಟ್‌ಬಾಲಿಗೆ ಒಂದು ಚೆಂಡು ಸಾಕು. ಅದೂ ಇಲ್ಲದಿದ್ದರೆ ಹಳೆಯ ಬಟ್ಟೆಯನ್ನು ಉಂಡೆ ಕಟ್ಟಿದರಾಯಿತು. ಬೂಟು ಕೊಳ್ಳುವ ಶಕ್ತಿ ಇಲ್ಲ, ಹಾಗಾಗಿ ಬರಿಗಾಲು. ಈ ಬರಿಗಾಲಿನ ಬಡತನವೇ ಕ್ರಮೇಣ ಒಂದು ಕಲೆಯಾಯಿತು. ಬೆರಳುಗಳಿಂದ ಚೆಂಡನ್ನು ಹಿಡಿದಂತೆ ಮಾಡಿ ಬಿಡುವ, ಎದುರಿನವನ ಭಾರವಾದ ಬೂಟಿಗೆ ಸಿಗದಂತೆ ತಪ್ಪಿಸಿಕೊಂಡು ಹೋಗುವ ಬೆಂಗಳೂರಿನ ಆಟ ಹೀಗೆ ರೂಪುಗೊಂಡಿತು.

ಇನ್ನು ಹೆಸರಿನ ವಿಚಾರ. ವಸಾಹತುಶಾಹಿ ಸರ್ಕಾರ ಆಟಕ್ಕೆ ಜಾಗ ಕೊಟ್ಟದ್ದೇ ಧರ್ಮವಾರಾಗಿ. ಮುಂಬಯಿಯಲ್ಲಿ 1880–90ರ ದಶಕಗಳಲ್ಲಿ ಸಮುದ್ರದ ಅಂಚಿನಲ್ಲಿ ಪಾರ್ಸಿ ಜಿಮ್ಖಾನಾ, ಇಸ್ಲಾಂ ಜಿಮ್ಖಾನಾ, ಹಿಂದೂ ಜಿಮ್ಖಾನಾ ಎಂದು ಸಾಲಾಗಿ ನಿವೇಶನಗಳನ್ನು ಹಂಚಲಾಯಿತು. ಯುರೋಪಿಯನ್ನರ ಕ್ಲಬ್ಬಿನೊಳಗೆ ಕಂದುಬಣ್ಣದವರಿಗೆ ಪ್ರವೇಶವೇ ಇಲ್ಲ. ಆಡಬೇಕೆಂದರೆ ಯಾವುದಾದರೊಂದು ಸಮುದಾಯದ ಬಾಗಿಲಿನಿಂದಲೇ ಒಳಗೆ ಬರಬೇಕು. ಕ್ರಿಕೆಟ್ಟಿನಲ್ಲಿ ಮೊದಲು ಯುರೋಪಿಯನ್ನರು ಮತ್ತು ಪಾರ್ಸಿಗಳು, 1907ರಿಂದ ಹಿಂದೂಗಳು, 1912ರಿಂದ ಮುಸ್ಲಿಮರು, 1937ರಿಂದ 'ಉಳಿದವರು' ಎಂಬ ಹೆಸರಿನಲ್ಲಿ ಕ್ರೈಸ್ತರು, ಯಹೂದಿಗಳು ಮೊದಲಾದವರು. ಹೀಗೆ ಐದು ತಂಡಗಳ ಪೆಂಟಾಂಗ್ಯುಲರ್ ಆಯಿತು. ಬಾಗಿಲುಗಳಿಗೆ ಬೋರ್ಡು ತೂಗುಹಾಕಿದವರು ಯಾರು ಎಂಬುದನ್ನು ಮರೆತು ಒಳಬಂದವರನ್ನಷ್ಟೇ ದೂರುವುದು ಸರಿಯಲ್ಲ.

ಆದರೆ ಸಮುದಾಯದ ಬಾಗಿಲೂ ಸಮುದಾಯದ ಎಲ್ಲರಿಗೂ ತೆರೆದಿರಲಿಲ್ಲ. ಇದನ್ನು ತಿಳಿಯಲು ಪಲವಂಕರ್ ಬಾಳೂ ಅವರ ಬದುಕನ್ನು ನೋಡಬೇಕು. ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರ ಮನೆತನದಲ್ಲಿ. ಬೆಳೆದದ್ದು ಪುಣೆಯಲ್ಲಿ. ಅಲ್ಲಿನ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಪಿಚ್ಚು ಉರುಳಿಸುವ, ಬಲೆ ಕಟ್ಟುವ ಕೆಲಸ. ಬಿಳಿಯ ಆಟಗಾರರಿಗೆ ಅಭ್ಯಾಸಕ್ಕೆಂದು ಚೆಂಡು ಎಸೆಯುತ್ತ ಎಸೆಯುತ್ತ ಅವರು ದೇಶದ ಅತ್ಯುತ್ತಮ ಎಡಗೈ ಸ್ಪಿನ್ನರ್ ಆದರು. ಅವರನ್ನು ಹಿಂದೂ ತಂಡಕ್ಕೆ ಸೇರಿಸಿಕೊಳ್ಳಬೇಕೇ ಬೇಡವೇ ಎಂಬ ಚರ್ಚೆ ಪುಣೆಯಲ್ಲಿ ನಡೆಯಿತು. ಕೊನೆಗೆ ಸೇರಿಸಿಕೊಂಡರು, ಗೆಲ್ಲಬೇಕಿತ್ತಲ್ಲ! ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಪೆವಿಲಿಯನ್ನಿನ ಹೊರಗೆ ಬೇರೆ ಮಣ್ಣಿನ ಕುಡಿಕೆಯಲ್ಲಿ ಅವರಿಗೆ ಚಹಾ.

1911ರಲ್ಲಿ ಇಂಗ್ಲೆಂಡಿಗೆ ಹೋದ ಮೊದಲ ಅಖಿಲ ಭಾರತ ತಂಡದಲ್ಲಿ ಬಾಳೂ 114 ವಿಕೆಟ್ ಪಡೆದರು. ಇಷ್ಟಾದರೂ ಅವರನ್ನು ಹಿಂದೂ ತಂಡದ ನಾಯಕನನ್ನಾಗಿ ಮಾಡಲಿಲ್ಲ. ಆ ಗೌರವ ಸಿಕ್ಕಿದ್ದು ಅವರ ತಮ್ಮ ವಿಠಲ್‌ಗೆ, 1923ರಲ್ಲಿ. ಅದೂ ವರ್ಷಗಟ್ಟಲೆ ಜಗಳವಾಡಿದ ಮೇಲೆ. ಆ ವರ್ಷ ವಿಠಲ್ ನಾಯಕತ್ವದಲ್ಲಿ ಹಿಂದೂ ತಂಡ ಗೆದ್ದಿತು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳೂ ಕೂಡ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ವಿರುದ್ಧವೇ ನಿಲ್ಲಿಸಿತು, ಸೋತರು. ಆಟ ಒಬ್ಬ ದಲಿತ ಯುವಕನಿಗೆ ಏನೆಲ್ಲ ಕೊಡಬಲ್ಲದು, ಎಲ್ಲಿ ಬಂದು ಕೈಚೆಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಜೀವನ ನನಗೆ ಗೊತ್ತಿಲ್ಲ. ಆಟದಿಂದ ಜಾತಿ ತಾನಾಗಿಯೇ ಕರಗಿಹೋಗುತ್ತದೆ ಎನ್ನುವವರು ಆ ಮಣ್ಣಿನ ಕುಡಿಕೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಕಲ್ಕತ್ತದ ಕತೆ ಇನ್ನೊಂದು ಬಗೆಯದು. ಮಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ ಆ ಹೆಸರಿನಲ್ಲಿ ಹುಟ್ಟಿದ್ದು 1891ರಲ್ಲಿ. ನಾಲ್ಕು ದಶಕ ಅದು ಯಾರ ಕಣ್ಣಿಗೂ ಬೀಳದ ಸಣ್ಣ ಕ್ಲಬ್ಬಾಗಿತ್ತು. 1934ರಲ್ಲಿ ಮೊದಲ ಸಲ ಕಲ್ಕತ್ತ ಲೀಗಿನ ಪ್ರಥಮ ಡಿವಿಜನ್ನಿಗೆ ಬಂತು. ಬಂದ ವರ್ಷವೇ ಲೀಗ್ ಗೆದ್ದಿತು. ಅದುವರೆಗೆ ಯಾವ ಭಾರತೀಯ ತಂಡಕ್ಕೂ ಆಗದಿದ್ದ ಕೆಲಸ ಅದು. 1938ರವರೆಗೆ ಸತತ ಐದು ವರ್ಷ ಆ ಪಟ್ಟ ಬಿಟ್ಟುಕೊಡಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿ ಸಿ.ಎ. ಅಜೀಜ್ ಎರಡು ಬುದ್ಧಿವಂತ ಕೆಲಸ ಮಾಡಿದ್ದರು. ಬಂಗಾಳದ ಹುಡುಗರನ್ನಷ್ಟೇ ನೆಚ್ಚಿಕೊಳ್ಳದೆ ದೇಶದ ಮೂಲೆಮೂಲೆಗಳಿಂದ ಆಟಗಾರರನ್ನು ಕರೆತಂದರು. ಬೆಂಗಳೂರಿನಿಂದಲೂ ಹುಡುಗರು ಹೋದರು. ಎರಡನೆಯದು, ಮಳೆಗಾಲದ ಕೆಸರಿನಲ್ಲಿ ಬರಿಗಾಲು ನಡೆಯದು ಎಂದು ಕಂಡುಕೊಂಡು ಆಟಗಾರರಿಗೆ ಬೂಟು ತೊಡಿಸಿ ಪಳಗಿಸಿದರು. ಬರಿಗಾಲನ್ನು ಕಾವ್ಯ ಮಾಡುವವರು ಇದನ್ನೂ ಗಮನಿಸಬೇಕು.

ಮೊದಲ ಗೆಲುವುಗಳನ್ನು ಹಿಂದೂ ಮುಸ್ಲಿಮರಿಬ್ಬರೂ ಬಿಳಿಯರ ಮೇಲಿನ ಗೆಲುವೆಂದೇ ಕೊಂಡಾಡಿದರು. ಕವಿ ಕಾಜಿ ನಜ್ರುಲ್ ಇಸ್ಲಾಂ ಈ ತಂಡದ ಮೇಲೆ ಕವಿತೆಯನ್ನೇ ಬರೆದರು. ಬಂಗಾಳದ ಹಳ್ಳಿಗಳ ಬಡ ಮುಸ್ಲಿಂ ರೈತರಿಗೆ, ಅದುವರೆಗೆ ಜಮೀನ್ದಾರರ ಮುಂದೆ ತಲೆತಗ್ಗಿಸಿಯೇ ನಿಂತವರಿಗೆ, ತಮ್ಮವರೂ ಏನನ್ನಾದರೂ ಗೆಲ್ಲಬಲ್ಲರು ಎಂಬ ಭರವಸೆ ಈ ತಂಡದಿಂದ ಸಿಕ್ಕಿತು. ಇದು ಸಣ್ಣ ಸಂಗತಿಯಲ್ಲ. ಆದರೆ ಹೊಗಳಿಕೆ ಹೆಚ್ಚು ದಿನ ಒಂದೇ ಬಗೆಯಲ್ಲಿ ಉಳಿಯಲಿಲ್ಲ. ಕೋಮು ರಾಜಕೀಯ ಬಿಸಿಯಾದಂತೆ ಒಂದು ಕಡೆ ಮುಸ್ಲಿಂ ಲೀಗಿನವರು ಈ ಗೆಲುವುಗಳನ್ನು ತಮ್ಮ ಖಾತೆಗೆ ಬರೆದುಕೊಳ್ಳಲು ನೋಡಿದರು, ಇನ್ನೊಂದು ಕಡೆ ಹಿಂದೂ ಪತ್ರಿಕೆಗಳು ಮುಖ ತಿರುಗಿಸಿದವು. ಪ್ರೇಕ್ಷಕರ ಗ್ಯಾಲರಿಗಳು ಬೇರೆಯಾದವು.

ಹಾಗಂತ ಚಿತ್ರ ಪೂರ್ತಿ ಕಪ್ಪುಬಿಳುಪಲ್ಲ. 1939ರಲ್ಲಿ ಕಲ್ಕತ್ತದ ಫುಟ್‌ಬಾಲ್ ಸಂಸ್ಥೆ ಐ.ಎಫ್.ಎ. ವಿರುದ್ಧ ಬಂಡೆದ್ದು ಮಹಮ್ಮಡನ್ ಸ್ಪೋರ್ಟಿಂಗ್ ಹೊರನಡೆದಾಗ ಅದರ ಜೊತೆ ಹೊರಬಂದ ಕ್ಲಬ್ಬುಗಳಲ್ಲಿ ಈಸ್ಟ್ ಬೆಂಗಾಲ್, ಕಾಲಿಘಾಟ್ ಇದ್ದವು. ಎರಡೂ ಹಿಂದೂಗಳ ಕ್ಲಬ್ಬುಗಳೇ. ಅಂದಿನ ಜಗಳಗಳನ್ನೆಲ್ಲ ಇಂದಿನ ಒಂದೇ ಕನ್ನಡಕದಲ್ಲಿ ನೋಡಿದರೆ ಇಂಥವು ಕಾಣುವುದೇ ಇಲ್ಲ.

1940ರ ಡಿಸೆಂಬರಿನಲ್ಲಿ ಮುಂಬಯಿಯ ಹಿಂದೂ ಜಿಮ್ಖಾನಾದವರು ಪೆಂಟಾಂಗ್ಯುಲರ್ ಬಗ್ಗೆ ಗಾಂಧೀಜಿಯ ಅಭಿಪ್ರಾಯ ಕೇಳಿದರು. ಕಾಲೇಜುಗಳ, ಸಂಸ್ಥೆಗಳ ನಡುವೆ ಪಂದ್ಯ ನಡೆದರೆ ಅರ್ಥವಾಗುತ್ತದೆ, ಹಿಂದೂ, ಪಾರ್ಸಿ, ಮುಸ್ಲಿಂ ಎಂದು ಆಡುವುದಕ್ಕೆ ಏನು ಅರ್ಥ ಎಂದು ಅವರು ಹೇಳಿದರು. ಅವರ ಮಾತಿನಲ್ಲಿ ತೂಕವಿತ್ತು. ಟೂರ್ನಿ ಮತ್ತೂ ಕೆಲ ವರ್ಷ ಎಳೆದಾಡಿ 1946ರಲ್ಲಿ ಕೊನೆಗೊಂಡಿತು. ಆದರೆ ಗಾಂಧೀಜಿ ಹೇಳಿದ ಕಾಲೇಜುಗಳಿಗೆ, ಸಂಸ್ಥೆಗಳಿಗೆ ಅಂದು ಎಷ್ಟು ಜನ ದಲಿತರು, ಮುಸ್ಲಿಮರು ತಲುಪಿದ್ದರು ಎಂಬ ಪ್ರಶ್ನೆಯೂ ಉಳಿದೇ ಇತ್ತು. ಕಾಲೇಜಿನ ಮೆಟ್ಟಿಲು ಹತ್ತದ ಹುಡುಗನಿಗೆ ಮೊಹಲ್ಲಾದ ಕ್ಲಬ್ಬೇ ಕಾಲೇಜು. ಈ ಎರಡೂ ಮಾತುಗಳು ಏಕಕಾಲಕ್ಕೆ ನಿಜ. ಆ ಕಾಲವನ್ನು ಬರೆಯುವವರು ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದೇ ಹೆಚ್ಚು.

ಮೊಹಲ್ಲಾದ ಕ್ಲಬ್ಬಿನಿಂದ ಒಬ್ಬ ಹುಡುಗ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಅಹ್ಮದ್ ಖಾನ್ ಸಾಕ್ಷಿ. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನ್, ಅಣ್ಣತಮ್ಮಂದಿರ ಜೊತೆ ಚೆಂಡಿನ ಹಿಂದೆಯೇ ಬೆಳೆದವರು. ಮೊದಲು ಬೆಂಗಳೂರು ಕ್ರೆಸೆಂಟ್ಸ್, ಆಮೇಲೆ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೊರಟ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ತಂಡದಲ್ಲಿ ಅವರಿದ್ದರು. ಬೆಂಗಳೂರಿನ ಕಡೆಯಿಂದ ಅವರೊಬ್ಬರೇ ಅಲ್ಲ. ಸಾರಂಗಪಾಣಿ ರಾಮನ್, ಧನರಾಜ್, ಗೋಲಿ ವರದರಾಜ್, ಇನ್ನೂ ಕೆಲವರಿದ್ದರು. ನಾಯಕ ನಾಗಾ ಬೆಟ್ಟಗಳ ಕ್ರೈಸ್ತ ಯುವಕ, ಡಾಕ್ಟರಿಕೆ ಓದುತ್ತಿದ್ದ ತಾಲಿಮೆರೆನ್ ಆವ್. ದೇಶ ಎರಡಾಗಿ ಒಂದು ವರ್ಷವೂ ತುಂಬಿರಲಿಲ್ಲ, ಗಾಂಧೀಜಿಯ ಹತ್ಯೆಯಾಗಿ ಆರು ತಿಂಗಳು. ಅಂಥ ಹೊತ್ತಿನಲ್ಲಿ ಈ ಹನ್ನೊಂದು ಮಂದಿಯ ಪಟ್ಟಿಯನ್ನು ಓದಿದರೆ ಸಾಕು, ಯಾವ ಭಾಷಣವೂ ಬೇಡ.

ಜುಲೈ 31ರಂದು ಲಂಡನ್ ಹೊರವಲಯದ ಇಲ್ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ. ಭಾರತದ ಹನ್ನೊಂದರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದರು. ಸಿಕ್ಕ ಎರಡು ಪೆನಾಲ್ಟಿಗಳನ್ನೂ ಹಾಳುಮಾಡಿಕೊಂಡರು. 2–1ರಿಂದ ಸೋತರು. ಆ ಒಂದು ಗೋಲು ಬೆಂಗಳೂರಿನ ರಾಮನ್ ಹೊಡೆದದ್ದು; ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು. ನಾಲ್ಕು ವರ್ಷ ಕಳೆದು ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮವರಿಗೆ ಹತ್ತು ಗೋಲು ಹೊಡೆಯಿತು. ನಮ್ಮ ಕಡೆಯಿಂದ ಬಂದ ಒಂದೇ ಒಂದು ಗೋಲು ಅಹ್ಮದ್ ಖಾನ್ ಅವರದು. ಆ ಚಳಿಯ ಸೋಲಿನ ನಂತರವೇ ಬೂಟು ಕಡ್ಡಾಯವಾದದ್ದು. ಇವೆರಡರ ನಡುವೆ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಫುಟ್‌ಬಾಲ್ ಚಿನ್ನ ಗೆದ್ದಾಗಲೂ ಅವರು ತಂಡದಲ್ಲಿದ್ದರು. ಆಗ ತಂಡವನ್ನು ಪಳಗಿಸಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಮೇಷ್ಟ್ರು.

ಆದರೆ ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಒಲಿಂಪಿಕ್ಸ್ ಅಲ್ಲ. 1949ರಲ್ಲಿ ಅಹ್ಮದ್ ಖಾನ್ ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಹೆಸರೇ ಹೇಳುವಂತೆ ಇದು ಪೂರ್ವ ಬಂಗಾಳ ಮೂಲದವರ ಕ್ಲಬ್. ವಿಭಜನೆಯಾದ ಮೇಲೆ ಆ ಕಡೆಯಿಂದ ಮನೆಮಠ ಬಿಟ್ಟು ಓಡಿಬಂದ ಲಕ್ಷಾಂತರ ಹಿಂದೂ ನಿರಾಶ್ರಿತರು ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರಂಗಳಲ್ಲಿ, ಜೋಪಡಿ ಕಾಲೊನಿಗಳಲ್ಲಿ ಬದುಕುತ್ತಿದ್ದ ಕಾಲ. ಕಳೆದುಕೊಂಡ ಊರಿನ ಹೆಸರಿನಲ್ಲಿ ಅವರಿಗೆ ಉಳಿದಿದ್ದದ್ದು ಈ ಒಂದು ಕ್ಲಬ್. 1950ರ ಆರಂಭದಲ್ಲಿ ಎರಡೂ ಕಡೆ ಮತ್ತೆ ಗಲಭೆಗಳಾದವು, ಕಲ್ಕತ್ತದಲ್ಲೂ ಆದವು. ಅದೇ ವರ್ಷಗಳಲ್ಲಿ ಈ ನಿರಾಶ್ರಿತರು ತಲೆಯ ಮೇಲೆ ಹೊತ್ತು ಮೆರೆಸಿದ್ದು ಐದು ಮಂದಿ ಮುಂಚೂಣಿ ಆಟಗಾರರನ್ನು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ. ಐವರೂ ದಕ್ಷಿಣದವರು, ಇಬ್ಬರು ಮುಸ್ಲಿಮರು. ಬಂಗಾಳಿ ಅಭಿಮಾನಿಗಳು ಈ ಐವರಿಗೆ ಕೊಟ್ಟ ಹೆಸರು 'ಪಂಚ ಪಾಂಡವರು'.

ಯಾರೋ ಸೌಹಾರ್ದ ಸಮಿತಿಯವರು ಕೂತು ಆಲೋಚಿಸಿ ಇಟ್ಟ ಹೆಸರಲ್ಲ ಅದು. ಗ್ಯಾಲರಿಯಿಂದ ತಾನಾಗಿ ಹುಟ್ಟಿದ್ದು. ಮುಸ್ಲಿಮರಿಂದಾಗಿಯೇ ತಮ್ಮ ಊರು ಹೋಯಿತೆಂದು ಎದೆಯೊಳಗೆ ಬೆಂಕಿ ಇಟ್ಟುಕೊಂಡವರಿಗೆ, ಶನಿವಾರ ಸಂಜೆ ಬೆಂಗಳೂರಿನ ಒಬ್ಬ ಮುಸ್ಲಿಂ ಯುವಕ ಚೆಂಡು ಹಿಡಿದು ಹೊರಟರೆ ಅವನು ತಮ್ಮವನೇ. 1949ರಿಂದ 51ರವರೆಗೆ ಸತತ ಮೂರು ವರ್ಷ ಅವರು ಐ.ಎಫ್.ಎ. ಶೀಲ್ಡ್ ಗೆದ್ದರು. ಅಹ್ಮದ್ ಖಾನ್ ಹತ್ತು ವರ್ಷ ಆ ಕ್ಲಬ್ಬಿನಲ್ಲೇ ಉಳಿದರು. ಬೆಂಗಳೂರು ಮುಸ್ಲಿಮ್ಸ್ ಎಂಬ ಬಾಗಿಲಿನಿಂದ ಹೊರಟ ಹುಡುಗ ತಲುಪಿದ ಜಾಗ ಇದು. ಆಟದಿಂದ ಆ ನಿರಾಶ್ರಿತರ ದ್ವೇಷವೆಲ್ಲ ಅಳಿದುಹೋಯಿತೆಂದು ನಾನು ಹೇಳುವುದಿಲ್ಲ. ಗ್ಯಾಲರಿಯಲ್ಲಿ ಅಪ್ಪಿಕೊಂಡವರು ಬಾಡಿಗೆ ಮನೆ ಕೊಡುವಾಗ ಹೆಸರು ಕೇಳಿರಬಹುದು. ಅಭಿಮಾನಕ್ಕೆ ಅದರದೇ ಆದ ಮಿತಿಯಿದೆ, ಇವತ್ತಿನ ನಮ್ಮ ಕ್ರಿಕೆಟ್ ತಾರೆಯರನ್ನು ಕೇಳಿದರೂ ಗೊತ್ತಾಗುತ್ತದೆ. ಒಂದು ಕ್ಯಾಚ್ ಬಿಟ್ಟರೆ ಸಾಕು, ಹೆಸರು ನೆನಪಾಗುತ್ತದೆ.

ಮೈದಾನದ ಪ್ರೀತಿ ಹೀಗೆ ಅತ್ತಿತ್ತ ತೂಗಾಡುವಂಥದ್ದು. ಅದಕ್ಕಿಂತ ಗಟ್ಟಿಯಾದದ್ದು ಏನಾದರೂ ಸಿಕ್ಕಿದ್ದಿದ್ದರೆ ಅದು ನೌಕರಿ. ಇದರ ಬಗ್ಗೆ ನಾವು ಸಾಕಷ್ಟು ಮಾತಾಡಿಲ್ಲ. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬೆಂಗಳೂರಿನಲ್ಲಿ ಹುಟ್ಟಿದವು. ಈ ಸಾರ್ವಜನಿಕ ಕಾರ್ಖಾನೆಗಳು ತಮ್ಮದೇ ತಂಡಗಳನ್ನು ಕಟ್ಟಿದವು. ತಂಡಕ್ಕೆ ಆಟಗಾರ ಬೇಕು, ಆಟಗಾರನಿಗೆ ಕೆಲಸ ಬೇಕು. ಎಸ್ಸೆಸ್ಸೆಲ್ಸಿಯನ್ನೂ ಮುಗಿಸದ ಹುಡುಗನಿಗೆ ಒಳ್ಳೆಯ ಎಡಗಾಲಿದ್ದರೆ ಕಾರ್ಖಾನೆಯ ಗೇಟು ತೆರೆಯುತ್ತಿತ್ತು. ಗೇಟಿನ ಒಳಗೆ ತಿಂಗಳ ಸಂಬಳ, ಪಿ.ಎಫ್., ಇ.ಎಸ್.ಐ. ಆಸ್ಪತ್ರೆ, ಪುಣ್ಯವಿದ್ದರೆ ಕ್ವಾರ್ಟರ್ಸು. ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆ ಲಿಂಗಾಯತರದು, ಎದುರುಮನೆ ಬ್ರಾಹ್ಮಣರದು, ಹಿಂದಿನ ಮನೆ ಗೌತಮಪುರದಿಂದ ಬಂದ ದಲಿತರದು. ಮಕ್ಕಳೆಲ್ಲ ಕಾರ್ಖಾನೆಯ ಶಾಲೆಗೇ ಹೋಗುತ್ತಿದ್ದರು. ಒಂದು ತಲೆಮಾರಿನ ದಲಿತ, ಮುಸ್ಲಿಂ, ಕ್ರೈಸ್ತ ಕುಟುಂಬಗಳು ಕೂಲಿಯಿಂದ ಮಧ್ಯಮ ವರ್ಗಕ್ಕೆ ಬಂದ ದಾರಿಗಳಲ್ಲಿ ಇದೂ ಒಂದು. ಬಾಳೂ ಅವರಿಗೆ ಸಿಕ್ಕದೆ ಹೋದ ಚಹಾದ ಲೋಟ ಇವರಿಗೆ ಕ್ಯಾಂಟೀನಿನಲ್ಲಿ ಸಿಕ್ಕಿತು, ಎಲ್ಲರ ಸಾಲಿನಲ್ಲೇ ನಿಂತು.

ಆಟವೂ ಅಷ್ಟೇ ಚೆನ್ನಾಗಿತ್ತು. ಮೈಸೂರು ತಂಡ 1946–47ರಲ್ಲಿ ಮೊದಲ ಸಲ ಸಂತೋಷ್ ಟ್ರೋಫಿ ಗೆದ್ದಾಗ ದಂಡು ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಮೈಸೂರು ಸಂಸ್ಥಾನಕ್ಕೆ ಅದು ಮರಳಿದ್ದು 1947ರ ಜುಲೈನಲ್ಲಿ. ಹೀಗೆ ಪೇಟೆ ಮತ್ತು ದಂಡು ಕಾಗದದ ಮೇಲೆ ಒಂದಾಗುವ ಮೊದಲೇ ಮೈದಾನದಲ್ಲಿ ಒಂದೇ ಅಂಗಿ ತೊಟ್ಟಿದ್ದವು. 1952–53ರಲ್ಲಿ, ಮತ್ತೆ 1967–68, 1968–69ರಲ್ಲಿ ಆ ಟ್ರೋಫಿ ಮೈಸೂರಿಗೇ ಬಂತು. 1977ರಲ್ಲಿ ಮೊದಲ ಫೆಡರೇಷನ್ ಕಪ್ಪಿನ ಫೈನಲ್‌ನಲ್ಲಿ ನಮ್ಮ ಐ.ಟಿ.ಐ. ತಂಡ ಮೋಹನ್ ಬಗಾನನ್ನೇ ಸೋಲಿಸಿತು. ಟೆಲಿಫೋನ್ ತಯಾರಿಸುವ ಕಾರ್ಮಿಕರ ತಂಡ!

ಆಮೇಲೆ ಏನಾಯಿತು ಎಂಬುದನ್ನು ಉದ್ದಕ್ಕೆ ಹೇಳಬೇಕಿಲ್ಲ. 1991ರ ನಂತರ ಸಾರ್ವಜನಿಕ ಕಾರ್ಖಾನೆಗಳು ಸೊರಗಿದವು, ಕಾಯಂ ನೌಕರಿಯ ಬದಲು ಗುತ್ತಿಗೆ ಬಂತು, ಎಚ್.ಎಂ.ಟಿ. ಗಡಿಯಾರ ನಿಂತಿತು. ಕಂಪನಿ ತಂಡಗಳು ಒಂದೊಂದಾಗಿ ಕರಗಿದವು. ಈಗ ಫುಟ್‌ಬಾಲಿನಲ್ಲಿ ದುಡ್ಡು ಬಂದಿದೆ, ಟಿ.ವಿ. ಬಂದಿದೆ, ಆದರೆ ಬರುವ ದುಡ್ಡು ಬೆರಳೆಣಿಕೆಯ ಆಟಗಾರರಿಗೆ. ಮೂವತ್ತಕ್ಕೆ ಮೊಣಕಾಲು ಹೋದವನಿಗೆ ಕಾಯುವ ಗೇಟು ಯಾವುದೂ ಇಲ್ಲ. ಕ್ರೀಡೆಯಿಂದ ಯುವಜನರ ಬದುಕು ಬದಲಾಗುತ್ತದೆ ಎಂದು ಸಭೆಗಳಲ್ಲಿ ಹೇಳುವಾಗ ಈ ಲೆಕ್ಕ ಯಾರೂ ತೆಗೆಯುವುದಿಲ್ಲ.

ಇದುವರೆಗೆ ಹೇಳಿದ್ದೆಲ್ಲ ಗಂಡುಹುಡುಗರ ಕತೆ. ಬೆಂಗಳೂರು ಮುಸ್ಲಿಮ್ಸ್ ಆಡುತ್ತಿದ್ದಾಗ ಅವರ ಅಕ್ಕತಂಗಿಯರು ಎಲ್ಲಿದ್ದರು? ಈ ಪ್ರಶ್ನೆಗೆ ಹೊರಗಿನವರನ್ನು ದೂರಿ ತಪ್ಪಿಸಿಕೊಳ್ಳಲಾಗದು. ಪ್ರವಾದಿಯವರು (ಸ) ಹಜ್ರತ್ ಆಯಿಷಾರೊಡನೆ ಓಟದ ಪಂದ್ಯ ಹೂಡಿದ್ದು, ಒಮ್ಮೆ ಅವರು ಗೆದ್ದದ್ದು, ಇನ್ನೊಮ್ಮೆ ಇವರು ಗೆದ್ದದ್ದು, ಮಸೀದಿಯ ಆವರಣದಲ್ಲಿ ಅಬಿಸೀನಿಯದವರು ಈಟಿಯಾಟ ಆಡುವಾಗ ಆಯಿಷಾ ಅದನ್ನು ನೋಡಲು ಪ್ರವಾದಿಯವರೇ ಅನುವು ಮಾಡಿಕೊಟ್ಟದ್ದು ಹದೀಸುಗಳಲ್ಲಿವೆ. ನಮ್ಮ ಜುಮಾ ಬಯಾನುಗಳಲ್ಲೂ ಇವು ಬರುತ್ತವೆ. ಬಯಾನು ಮುಗಿಸಿ ಮನೆಗೆ ಬಂದವರು ಹನ್ನೆರಡು ತುಂಬಿದ ಮಗಳನ್ನು ಮೈದಾನದಿಂದ ಒಳಗೆ ಕರೆಯುತ್ತಾರೆ. ನಮ್ಮ ಸಂಸ್ಥೆಗಳ ಶಾಲೆಗಳಲ್ಲಿ ಹುಡುಗಿಯರಿಗೆ ಪಿ.ಟಿ. ಪೀರಿಯಡ್ ಎಂದರೆ ಎಷ್ಟೋ ಕಡೆ ಹೊಲಿಗೆ ಪೀರಿಯಡ್.

ಇನ್ನೊಂದು ಕಡೆಯಿಂದ ಬಾಗಿಲು ಹಾಕಿದವರೂ ಇದ್ದಾರೆ. ತಲೆವಸ್ತ್ರ ತೊಟ್ಟು ಫುಟ್‌ಬಾಲ್ ಆಡುವಂತಿಲ್ಲ ಎಂದು ಫಿಫಾ ಹಲವು ವರ್ಷ ಹಟ ಹಿಡಿದಿತ್ತು. 2011ರ ಜೂನಿನಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯಕ್ಕೆಂದು ಜೋರ್ಡಾನಿನ ಅಮ್ಮಾನಿಗೆ ಬಂದ ಇರಾನಿನ ಹೆಣ್ಣುಮಕ್ಕಳನ್ನು ಆಟ ಶುರುವಾಗುವ ಹೊತ್ತಿಗೆ ತಡೆಯಲಾಯಿತು. ಅವರು ಮೈದಾನದಲ್ಲೇ ಅತ್ತರು. ಅವರ ದೇಶದಲ್ಲಿ ಸರ್ಕಾರ ಅದನ್ನು ತೊಡು ಎನ್ನುತ್ತದೆ, ಹೊರಗೆ ಬಂದರೆ ಫಿಫಾ ತೆಗೆ ಎನ್ನುತ್ತದೆ. ಎರಡರ ನಡುವೆ ಆಡಬೇಕಾದ ಹುಡುಗಿಯನ್ನು ಕೇಳಿದವರೇ ಇಲ್ಲ. 2014ರಲ್ಲಿ ಆ ನಿಷೇಧ ತೆರವಾಯಿತು. 2023ರ ಮಹಿಳಾ ವಿಶ್ವಕಪ್ಪಿನಲ್ಲಿ ಮೊರಾಕ್ಕೊದ ನೂಹೈಲಾ ಬೆಂಜೀನಾ ಹಿಜಾಬ್ ತೊಟ್ಟೇ ಆಡಿದರು. ತಲೆಯಿಂದ ಚೆಂಡನ್ನೂ ಹೊಡೆದರು, ಆಕಾಶವೇನೂ ಕಳಚಿ ಬೀಳಲಿಲ್ಲ. ಅದೇ ತಂಡದಲ್ಲಿ ಹಿಜಾಬ್ ತೊಡದೆ ಆಡಿದ ಮುಸ್ಲಿಂ ಹುಡುಗಿಯರೂ ಇದ್ದರು. ಇಬ್ಬರಿಗೂ ಚೆಂಡು ಒಂದೇ.

ಹೆಸರಿನ ಪ್ರಶ್ನೆಗೆ ಮತ್ತೆ ಬರೋಣ. ನಮ್ಮ ಕರಾವಳಿಯಲ್ಲಿ ಈಗ ಜಾತಿವಾರು, ಸಮುದಾಯವಾರು ಕ್ರಿಕೆಟ್ ಪಂದ್ಯಾವಳಿಗಳು ಹೊನಲು ಬೆಳಕಿನಲ್ಲಿ ನಡೆಯುತ್ತವೆ. ಆ ಜಾತಿಯವರು ಮಾಡಿದರು ಎಂದು ಈ ಜಾತಿಯವರು, ಅವರು ಮಾಡಿದರು ಎಂದು ನಮ್ಮವರು. ಬೆಂಗಳೂರು ಮುಸ್ಲಿಮ್ಸ್ ಇದ್ದದ್ದು ಸರಿಯಾದರೆ ಇದೂ ಸರಿಯಲ್ಲವೇ ಎಂದು ಒಬ್ಬ ತರುಣ ನನ್ನನ್ನು ಕೇಳಿದ. ನಾನು ಅವನಿಗೆ ಹೇಳಿದ್ದಿಷ್ಟು: ಅವರು ಆ ಹೆಸರಿನಲ್ಲಿ ಹೊರಗಿನವರ ಎದುರು ಆಡಲು ಹೋದರು, ನಾವು ಈ ಹೆಸರಿನಲ್ಲಿ ನಮ್ಮ ನಮ್ಮಲ್ಲೇ ಆಡುತ್ತಿದ್ದೇವೆ. ಅಲ್ಲಿಂದ ಒಬ್ಬ ಅಹ್ಮದ್ ಖಾನ್ ಪೂರ್ವ ಬಂಗಾಳದವರ ತಂಡಕ್ಕೆ ಹೋದ. ನಿಮ್ಮ ಟೂರ್ನಿಯಿಂದ ಹುಡುಗ ಎಲ್ಲಿಗೆ ಹೋಗುತ್ತಾನೆ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋಗಲಿಕ್ಕೆ ತಂಡ ಎಲ್ಲಿದೆ ಸರ್, ಅಂದ. ಅವನ ಮಾತೂ ಸುಳ್ಳಲ್ಲ.

ಬೆಂಗಳೂರಿನಲ್ಲಿ ಬಾಗಿಲಿನ ಬೋರ್ಡು ಈಗ ಬದಲಾಗಿದೆ. ಖಾಲಿ ನಿವೇಶನಗಳಲ್ಲಿ, ಕಟ್ಟಡಗಳ ತಾರಸಿಯ ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ ಸುತ್ತ ಬಲೆ ಕಟ್ಟಿ ಗಂಟೆಗೆ ಇಷ್ಟು ಎಂದು ಬಾಡಿಗೆಗೆ ಬಿಡುತ್ತಾರೆ. ಅಲ್ಲಿ ಜಾತಿ ಕೇಳುವುದಿಲ್ಲ, ಧರ್ಮ ಕೇಳುವುದಿಲ್ಲ, ಫೋನಿನಲ್ಲಿ ಹಣ ಕಳಿಸಿದರಾಯಿತು. ಕಳಿಸಲಾರದವರು ಬಲೆಯ ಹೊರಗೆ ನಿಲ್ಲುತ್ತಾರೆ. ಇಷ್ಟರ ನಡುವೆಯೂ ಹಲಸೂರಿನ ಗೌತಮಪುರದಲ್ಲಿ ಹುಡುಗರು ಇವತ್ತಿಗೂ ಚೆಂಡಿನ ಹಿಂದೆ ಓಡುತ್ತಾರೆ. ಅಲ್ಲಿನ ಜನ ಅಂಬೇಡ್ಕರರ ಪ್ರತಿಮೆಯ ಜೊತೆಗೆ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡಿದ್ದಾರೆ. ಕರಿಯ ಬಡವನೊಬ್ಬ ಜಗತ್ತನ್ನು ಗೆದ್ದದ್ದು ಅವರಿಗೆ ಹೊರಗಿನ ಸುದ್ದಿಯಲ್ಲ.

ಅಹ್ಮದ್ ಖಾನ್ 2017ರ ಆಗಸ್ಟಿನಲ್ಲಿ ತೀರಿಕೊಂಡರು. ತೊಂಬತ್ತು ದಾಟಿತ್ತು. 1969ರ ನಂತರ ಕರ್ನಾಟಕಕ್ಕೆ ಸಂತೋಷ್ ಟ್ರೋಫಿ ಮತ್ತೆ ಸಿಕ್ಕಿದ್ದನ್ನು ನೋಡಲು ಅವರು ಇರಲಿಲ್ಲ. ಐವತ್ತನಾಲ್ಕು ವರ್ಷ ಕಾದ ಮೇಲೆ 2023ರ ಮಾರ್ಚಿನಲ್ಲಿ ನಮ್ಮ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿತು. ಫೈನಲ್ ನಡೆದದ್ದು ಸೌದಿ ಅರೇಬಿಯದ ರಿಯಾದಿನಲ್ಲಿ. ಉಮ್ರಾಕ್ಕೂ ದುಡಿಮೆಗೂ ಆ ದೇಶಕ್ಕೆ ಹೋಗುವ ನಮ್ಮವರು ಈ ಸಲ ಕರ್ನಾಟಕ ತಂಡದ ಹೆಸರನ್ನೂ ಅಲ್ಲಿ ಕೇಳುವಂತಾಯಿತು. ಕರ್ನಾಟಕದ ಪರ ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕಿ ಓರಂ, ರಾಬಿನ್ ಯಾದವ್. 1809ರಲ್ಲಿ ದಂಡಿಗೆ ಬಂದು ಸೇರಿದವರಂತೆ ಈ ಊರಿಗೆ ಇಂದಿಗೂ ಎಲ್ಲೆಲ್ಲಿಂದಲೋ ಜನ ಬರುತ್ತಲೇ ಇದ್ದಾರೆ.